ವಿಮರ್ಶಕರ ದನಿಗೆ ಬೀಟ್ ಹಾಕಿದ್ದು

2004ರಲ್ಲಿ ನಾನು ಮಹಾರಾಷ್ಟ್ರದ ಗಡಿಯೂರು ಜತ್ತದ ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದೆ. ಭಜನೆ, ಚುನಾವಣೆ ಪ್ರಚಾರ ನಿತ್ಯದ ಕೆಲಸ. ಆ ವರ್ಷ ಇಬ್ಬರು ಸೇರಿ ನನ್ನಲ್ಲಿ ಬೇರೆಯೇ ಥರದ ಆಲ್ಬಮ್ ಮಾಡಿದರು. ಕಾಲೇಜಿನಲ್ಲಿ ಸಂಗೀತ ಕಲಿಸುತ್ತಿದ್ದ ಮಹಾದೇವಿ ಕಂಪ್ಯೂಟರಿನಲ್ಲಿ ಬೀಟ್ ಕಟ್ಟಿದರು. ಹತ್ತಿರದ ಸೊರಡಿಯಲ್ಲಿ ಗಾದಿ ಹೊಲಿಯುತ್ತಿದ್ದ ಸಲೀಮ ಅದರ ಮೇಲೆ ಕನ್ನಡ, ದಖನಿ ಉರ್ದು ಬೆರೆಸಿ ರ್ಯಾಪ್ ಮಾಡಿದ, ಅಂದರೆ ಮಾತನ್ನೇ ಲಯಕ್ಕೆ ಕೂರಿಸಿದ.

ಕ್ಯಾಸೆಟ್ ಹೊರಬಂದ ವಾರದಲ್ಲೇ ಪತ್ರಿಕೆಯೊಂದರ ಸಂಗೀತ ವಿಮರ್ಶಕರು ಬರೆದರು: 'ಯಂತ್ರದ ಗದ್ದಲ, ಅದರ ಮೇಲೆ ಒದರಾಟ. ತಬಲಾ ಕೂಡ ಶ್ರುತಿಯಲ್ಲಿಲ್ಲ.' ಇಡೀ ಆಲ್ಬಮ್‌ನಲ್ಲಿ ತಬಲಾ ಇರಲೇ ಇಲ್ಲ. ಅವರು ಕೇಳದೆಯೇ ಬರೆದಿದ್ದರು. ಅಂಗಡಿಯವರು ಕ್ಯಾಸೆಟ್ ವಾಪಸು ಕಳಿಸಿದರು. ಸಲೀಮ ಸ್ಟುಡಿಯೋ ಕಡೆ ಬರುವುದನ್ನೇ ಬಿಟ್ಟ.

ಮುಂದಿನ ತಿಂಗಳು ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಅದೇ ವಿಮರ್ಶಕರು ಮುಖ್ಯ ಅತಿಥಿ. ಮೈಕಿನ ವ್ಯವಸ್ಥೆ ನನ್ನದು. ಭಾಷಣದಲ್ಲಿ ನಮ್ಮ ಆಲ್ಬಮ್‌ನ ಮಾತು ತೆಗೆದು ಅವರು ಕೈಯೆತ್ತಿ, 'ಇದು ಹಾಡಲ್ಲ, ಒದರಾಟ!' ಎಂದರು. ಹುಡುಗರು ನಕ್ಕರು. ಶಿಕ್ಷಕರ ಸಾಲಿನಲ್ಲಿ ಮಹಾದೇವಿ ತಲೆ ತಗ್ಗಿಸಲಿಲ್ಲ. ಕಾರ್ಯಕ್ರಮ ಮುಗಿದದ್ದೇ ನೆಟ್ಟಗೆ ನನ್ನ ಬಳಿ ಬಂದರು.

'ಭಾಷಣ ರೆಕಾರ್ಡ್ ಆಗೇತಲ್ರಿ ಅಣ್ಣಾ? ಆ ಮಾತು ನನಗ ಕೊಡ್ರಿ.'

ದನಿಯ ತುಣುಕೊಂದನ್ನು ಕತ್ತರಿಸಿ ಹಾಡಿನಲ್ಲಿ ಮತ್ತೆ ಮತ್ತೆ ಬರುವಂತೆ ಜೋಡಿಸುವುದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಮಹಾದೇವಿ ಸೊರಡಿಗೆ ಹೋಗಿ ಸಲೀಮನನ್ನು ಮತ್ತೆ ಕರೆತಂದರು. ವಿಮರ್ಶಕರ 'ಒದರಾಟ'ವನ್ನು ನಾವು ಬೀಟಿಗೆ ಕೂರಿಸಿದೆವು. ಅವರು ಒಮ್ಮೆ ಒದರಿದರೆ ಸಲೀಮ ನಾಲ್ಕು ಸಾಲು ಉತ್ತರ ಕೊಡುತ್ತಿದ್ದ. ಅಷ್ಟು ಹಲ್ಲು ಕಚ್ಚಿ ನಾನು ಯಾವ ಹಾಡನ್ನೂ ಮಿಕ್ಸ್ ಮಾಡಿಲ್ಲ. ಹಾಡು ಊರೂರಿಗೆ ಜನರನ್ನು ತುಂಬಿಕೊಂಡು ಓಡುವ ವಡಾಪ್ ಜೀಪುಗಳನ್ನು ಹತ್ತಿತು. ಮದುವೆ ಮೆರವಣಿಗೆಯಲ್ಲಿ ಹುಡುಗರು ಅವರ ದನಿಗೆ ಕುಣಿದರು.

ಅಮಾವಾಸ್ಯೆಗೆ ದಾನಮ್ಮ ದೇವಿಯ ದರ್ಶನಕ್ಕೆಂದು ಗುಡ್ಡಾಪುರದ ಜೀಪು ಹತ್ತಿದ ವಿಮರ್ಶಕರು ದಾರಿಯುದ್ದಕ್ಕೂ ತಮ್ಮ ದನಿಯನ್ನೇ ಕೇಳಿದರು. ಮರುದಿನ ಸ್ಟುಡಿಯೋಕ್ಕೆ ನುಗ್ಗಿ, 'ನನ್ನ ದನಿ ತೆಗೀರಿ!' ಎಂದು ಅಬ್ಬರಿಸಿದರು.

'ತೆಗೀತೀವ್ರಿ ಸರ, ಕುಂದ್ರಿ,' ಎಂದು ಸಲೀಮ ಮೊದಲ ಆಲ್ಬಮ್ ಹಾಕಿದ. 'ಶ್ರುತಿ ತಪ್ಪಿದ ತಬಲಾ ಎಲ್ಲಿ ಬರ್ತೈತಿ, ಒಂಚೂರು ತೋರಸ್ರಿ. ಅಲ್ಲೀತನಾ ಎದ್ದ ಹೋಗಬ್ಯಾಡ್ರಿ.'

ಮೊದಲ ಬದಿ ಮುಗಿಯಿತು. ನಾನು ಕ್ಯಾಸೆಟ್ ತಿರುವಿ ಹಾಕಿದೆ. ಫ್ಯಾನಿನ ಕೆಳಗೇ ಕುಳಿತಿದ್ದರೂ ವಿಮರ್ಶಕರು ಮೇಲಿಂದ ಮೇಲೆ ಮುಖ ಒರೆಸಿಕೊಂಡರು. ಮಹಾದೇವಿ ಬಾಗಿಲಿಗೆ ಒರಗಿ ಅವರನ್ನೇ ನೋಡುತ್ತಿದ್ದರು. ಕೊನೆಯ ಹಾಡು ಮುಗಿದ ಮೇಲೆ ವಿಮರ್ಶಕರು, 'ಬರೀತೀನಿ,' ಎಂದಷ್ಟೇ ಹೇಳಿ ಎದ್ದರು.

ಬರೆದರು ಕೂಡ. ಆಲ್ಬಮ್ ತಮಗೆ ಹಿಡಿಸಲಿಲ್ಲವೆಂದೂ, ಮೊದಲು ಬರೆದದ್ದು ಕೇಳದೆ ಬರೆದದ್ದೆಂದೂ. ಓದಿ ಸಲೀಮ, 'ಈಗ ಬೈಲ್ರಿ, ಅಡ್ಡಿಯಿಲ್ಲ,' ಎಂದು ನಕ್ಕ.

ಮಾತಿನಂತೆ ಹೊಸ ಪ್ರತಿಗಳಿಂದ ಅವರ ದನಿಯನ್ನು ನಾನೇ ಅಳಿಸಿದೆ. ಹಳೆಯವು ಜೀಪುಗಳಲ್ಲಿ ವರ್ಷಗಟ್ಟಲೆ ಮೊಳಗಿದವು. ಹೊರಗೆ ಹೋದ ಮಾತನ್ನು ಯಾರೂ ಮರಳಿ ಕೂಡಿಹಾಕಲಾರರು ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಆ ಪಾಠವನ್ನು ಅವರಿಗೂ ಕಲಿಸಿದೆವಲ್ಲ ಎಂಬ ಖುಷಿ ಇಂದಿಗೂ ನನ್ನಲ್ಲಿದೆ.