ಮೋಟಾರು ಕಾಕಾ ಮತ್ತು ಅಮಾವಾಸ್ಯೆಯ ಚೀಟಿ

ಮೊನ್ನೆ ನಮ್ಮ ಓಣಿಗೆ ಗಾದಿ ತುಂಬುವವನು ಬಂದಿದ್ದ. ಹಿಂಜಿದ ಹತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈಲಹೊಂಗಲದ ಆ ಜಿನ್ನಿಂಗ್ ಮಿಲ್ಲು, ಅದರ ಮೋಟಾರು ಕಾಕಾ ನೆನಪಾದರು...

ಮಿಲ್ಲಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಯಾರು ಯಾವ ಕೆಲಸ ಮಾಡಬೇಕೆಂದು ಅದು ದಿನಾ ಬೆಳಿಗ್ಗೆ ಹೇಳುತ್ತಿತ್ತು, ನಾನು ಚೀಟಿ ಮುದ್ರಿಸಿ ಹಂಚುತ್ತಿದ್ದೆ. ಅವ್ವ ಅಲ್ಲಿಯೇ ಕೂಲಿಗಿದ್ದಳು. ಅಮಾವಾಸ್ಯೆಗೆ ಮಿಲ್ಲು ಬಂದ್. ಅಂದು ಹತ್ತಿಯಿಂದ ಬೀಜ ಬಿಡಿಸುವ ಜಿನ್ ಯಂತ್ರದೊಳಗೆ ಕೈ ಹಾಕಿ, ಸಿಕ್ಕಿಕೊಂಡ ಅರಳೆ ಬಿಡಿಸುವುದು ಅವ್ವನ ಪಾಲಿನ ಕೆಲಸ.

ಮೋಟಾರು ನೋಡಿಕೊಳ್ಳುತ್ತಿದ್ದ ಕಾಕಾ ಮಹಾ ಸಂಶಯದ ಪ್ರಾಣಿ. ಬಂದ್ ಇದ್ದ ದಿನವೂ ಮೂರು ಫ್ಯೂಜು ಕಿತ್ತು ಅವ್ವನ ಕೈಗೆ ಕೊಡುತ್ತಿದ್ದರು.

"ಇವು ನಿನ್ನ ಹಂತ್ಯಾಕ ಇರ್ಲಿ ತಂಗೆವ್ವ. ನೀ ಹೊರಗ ಬಂದು ಕೊಟ್ಟ ಮ್ಯಾಲನ ಮಷೀನ್ ತಿರಗತೈತಿ."

ಅವ್ವ ಅವನ್ನು ಉಡಿಯಲ್ಲಿ ಕಟ್ಟಿಕೊಂಡು, "ನೋಡ್ರೆವಾ, ಈ ಅಣ್ಣ ಫ್ಯೂಜು ಹಾಕಿ ಉಡಿ ತುಂಬ್ತಾನ" ಎಂದು ಹೆಂಗಸರನ್ನೆಲ್ಲ ನಗಿಸುತ್ತಿದ್ದಳು. ಕಾಕಾ ಮಾತ್ರ ನಗುತ್ತಿರಲಿಲ್ಲ.

ಕಂಪ್ಯೂಟರಿಗೆ ದಿನ, ವಾರ, ತಿಂಗಳು ಗೊತ್ತು, ಅಮಾವಾಸ್ಯೆ ಗೊತ್ತಿಲ್ಲ. ಅದನ್ನು ಕೂರಿಸಲು ಹುಬ್ಬಳ್ಳಿಯಿಂದ ಬಂದವನು ಜಿನ್ ಸ್ವಚ್ಛ ಮಾಡುವ ಕೆಲಸವನ್ನು ಮೂವತ್ತು ದಿನಕ್ಕೊಮ್ಮೆ ಎಂದು ಹಾಕಿ ಹೋದ. ಚಂದ್ರ ಅಷ್ಟು ದಿನ ಕಾಯುವವನಲ್ಲ. ನಾಲ್ಕೈದು ತಿಂಗಳಲ್ಲಿ ಅಮಾವಾಸ್ಯೆ ಎರಡು ದಿನ ಮೊದಲೇ ಬಂದು ಹೋಗತೊಡಗಿತು, ಚೀಟಿ ಹಿಂದೆ ಉಳಿಯಿತು. ಚೀಟಿ ಹೇಳಿದಂತೆಯೇ ನಡೆಯಬೇಕೆಂದು ಸಾಹುಕಾರರ ಕಟ್ಟಪ್ಪಣೆ ಬೇರೆ.

ಹೀಗಾಗಿ ಸುಗ್ಗಿಯ ನಡುವೆ, ನೇಸರಗಿಯ ಹತ್ತಿ ಗಾಡಿಗಳು ಬಾಗಿಲಿಗೆ ಬಂದು ನಿಂತ ದಿನವೇ ಎರಡು ಚೀಟಿ ಬಂದವು. ಕಾಕಾನಿಗೆ ಮೋಟಾರು ಚಾಲೂ ಮಾಡುವುದು, ಅವ್ವನಿಗೆ ಜಿನ್ ಸ್ವಚ್ಛ ಮಾಡುವುದು. ಕಾಕಾ ಗೊಣಗುತ್ತಲೇ ಫ್ಯೂಜು ಕಿತ್ತು ಅವ್ವನಿಗೆ ಕೊಟ್ಟು, ಗಾಡಿಯವರಿಗೆ ತಡವಾಗುತ್ತದೆಂದು ಹೇಳಲು ಹೋದರು.

ಅಷ್ಟರಲ್ಲಿ ಸಾಹುಕಾರರು ಬಂದರು. ಚಾಲೂ ಇರಬೇಕಾದ ಮಿಲ್ಲು ನಿಂತಿದೆ ಎಂದು ಸಿಟ್ಟಿನಿಂದ ಹಸಿರು ಬಟನ್ ಒತ್ತಿದರು. ಅವ್ವ ಭುಜದವರೆಗೆ ಯಂತ್ರದೊಳಗಿದ್ದದ್ದು ನನಗೆ ಕಾಣುತ್ತಿತ್ತು. ಬಾಯಿ ತೆರೆದೆ, ದನಿ ಹೊರಡಲಿಲ್ಲ...

ಯಂತ್ರವೂ ಹೊರಡಲಿಲ್ಲ.

"ಯಾಕ್ರಿ ಸಾವ್ಕಾರ್ರ? ಫ್ಯೂಜು ನನ್ನ ಉಡ್ಯಾಗ ಅದಾವ" ಎಂದಳು ಅವ್ವ ಒಳಗಿನಿಂದ.

ಸಾಹುಕಾರರು ಅಲ್ಲೇ ಅರಳೆಯ ಮೇಲೆ ಕುಸಿದು ಕೂತರು. ನನಗೆ ಹೋದ ಜೀವ ಬಂದಂತಾಗಿ ಅಳು ತಡೆಯಲಾಗಲಿಲ್ಲ. ಓಡಿ ಬಂದ ಕಾಕಾ ಯಾರನ್ನೂ ಬಯ್ಯಲಿಲ್ಲ. ಅವ್ವನ ಕೈ ಎರಡನ್ನೂ ತಿರುವಿ ತಿರುವಿ ನೋಡಿದರು, ಅಷ್ಟೇ. ಮರುದಿನ ಆ ಮೂವತ್ತು ದಿನದ ಲೆಕ್ಕ ಅಳಿಸಿದೆವು. ಕಾಕಾ ಕ್ಯಾಲೆಂಡರ್ ಹಿಡಿದು ಪಕ್ಕದಲ್ಲಿ ಕೂತರು, ನಾನು ಅಮಾವಾಸ್ಯೆಗಳನ್ನು ಒಂದೊಂದಾಗಿ ಹಾಕಿದೆ.

ಮುಂದೆ ಒಂದು ದಿನ ಮಿಲ್ಲು ಮುಚ್ಚಿತು. ಕೆಲ ವರ್ಷಗಳಲ್ಲಿ ಕಾಕಾನೂ ಹೋದರು. ಅವರಿಲ್ಲದ್ದು ಈಗಲೂ ನೋಯುತ್ತದೆ. ಇದನ್ನು ಬರೆಯುತ್ತಿರುವಾಗ ಅಡುಗೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಎರಡೂ ಕೈಯಿಂದ.