ತಲೆಕೆಳಗಾದ ಕೊಡೆ

ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಕೃಷಿ ಸಹಾಯಕರು. ಮಳೆಗಾಲ ಮುಗಿದ ಮೇಲೂ ಅವರ ಸ್ಕೂಟರಿನಲ್ಲಿ ಒಂದು ಕೊಡೆ ಇದ್ದೇ ಇರುತ್ತಿತ್ತು. ಯಾರೇ ಬೆಳೆಗೆ ಹುಳ ಬಿದ್ದಿದೆ ಎಂದರೂ, "ಮೊದ್ಲು ಎಣ್ಸಿ, ಆಮೇಲೆ ಹೊಡೀರಿ" ಎನ್ನುತ್ತಿದ್ದರು.

ಕಡಕೊಳದ ಹತ್ತಿರ ನಾನು ಹಾಕಿದ್ದ ತೊಗರಿ ಕಾಯಿ ಕಟ್ಟುವಾಗ ಒಂದು ಕಾಯಿಕೊರಕ ಹುಳ ಕಂಡಿತು. ಇಡೀ ಬೆಳೆಯೇ ಹೋಯಿತೆಂದು ಗಾಬರಿಯಾಗಿ, ಔಷಧಿ ತಂದಿಟ್ಟು ಅವರನ್ನು ಕರೆದೆ. ಅವರು ಕೊಡೆಯನ್ನು ತಲೆಕೆಳಗು ಮಾಡಿ ಹಿಡಿದು, ಅದರೊಳಕ್ಕೆ ಐದು ಗಿಡಗಳನ್ನು ಅಲ್ಲಾಡಿಸಿದರು.

"ಓದಿರೋರು ನೀವು, ಎಣ್ಸಿ ಸಾರ್."

ಹುಳ ಎರಡು, ಜೇಡ ಏಳು.

"ಜೇಡ ಹುಳ ತಿನ್ನತ್ತೆ ಕಣ್ರೀ. ಕೂಲಿ ಕೇಳದ ಆಳುಗಳ್ನ ಸಾಯಿಸ್ಬುಟ್ಟೀರ!"

ಔಷಧಿ ಹೊಡೆಯಲಿಲ್ಲ. ತೊಗರಿ ಚೆನ್ನಾಗಿಯೇ ಬಂತು. ಆ ಕೊಡೆ ಕಪ್ಪೋ ನೀಲಿಯೋ, ನನ್ನ ನೆನಪನ್ನು ನಾನು ನಂಬುವುದಿಲ್ಲ. ಹುಳ ಮಾತ್ರ ಎರಡೇ, ಅದನ್ನು ಎಣಿಸಿದ್ದೆ.