ಗಿರಿಜತ್ತೆಯ ಕಾರಿಗೆ ನೆಲ ಹಾಕಿಸಿದ್ದು

ಎದುರು ಮನೆಯವರು ಗೇಟಿಗೆ ವೆಲ್ಡಿಂಗ್ ಮಾಡಿಸುತ್ತಿದ್ದಾರೆ. ಬೆಳಗಿನಿಂದ ಸುಟ್ಟ ಕಬ್ಬಿಣದ ವಾಸನೆ ಬೀದಿ ದಾಟಿ ನಮ್ಮ ಅಡುಗೆಮನೆಯವರೆಗೂ ಬಂದು, ಒಗ್ಗರಣೆಯ ವಾಸನೆಯನ್ನೇ ಹಿಂದಕ್ಕೆ ತಳ್ಳಿ ಕೂತಿದೆ. ನನ್ನ ಹೆಂಡತಿ ಕಿಟಕಿ ಮುಚ್ಚಲು ಹೊರಟಳು, ನಾನು ಬೇಡವೆಂದೆ. ಮಲ್ಲಿಗೆಯ ವಾಸನೆಗೆ ಮರುಳಾಗುವ ಗಂಡಸರನ್ನು ನೀವು ಕಂಡಿರಬಹುದು. ವೆಲ್ಡಿಂಗ್ ಹೊಗೆಗೆ ಮೂಗು ಅರಳಿಸುವವನನ್ನು ಕಂಡಿರಲಿಕ್ಕಿಲ್ಲ. ಇದಕ್ಕೆ ಕಾರಣ ನಮ್ಮ ಗಿರಿಜತ್ತೆ, ಮತ್ತು ಅವಳ ಹಳೆಯ ಅಂಬಾಸಡರ್ ಕಾರು.

ಗಿರಿಜತ್ತೆ ನಮ್ಮಪ್ಪನ ತಂಗಿ. ದಾವಣಗೆರೆಯಲ್ಲೇ, ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ ಅವಳ ಮನೆ. ಮಕ್ಕಳಿಲ್ಲ. ಮಾವ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಹರಿಹರದಾಚೆ ಕಡರನಾಯಕನಹಳ್ಳಿಯಲ್ಲಿರುವ ಭತ್ತದ ಗದ್ದೆ ಮತ್ತು ಈ ಕಾರು. ಮಾತನಾಡಿಸಲು ಬಂದವರೆಲ್ಲ ಒಂದು ಗಳಿಗೆ ಅತ್ತು, ಮೂಗು ಒರೆಸಿಕೊಂಡು, ಗದ್ದೆಯನ್ನು ಲಾವಣಿಗೋ ಗೇಣಿಗೋ ಯಾರಿಗಾದರೂ ಕೊಟ್ಟು ಆರಾಮಾಗಿ ಇದ್ದುಬಿಡು ಎಂದು ಬುದ್ಧಿ ಹೇಳಿದರು. ಅತ್ತೆ ಎಲ್ಲರಿಗೂ ಚಹ ಕೊಟ್ಟಳು, ಗದ್ದೆ ಕೊಡಲಿಲ್ಲ. ಶಿವಗಣಾರಾಧನೆ ಮುಗಿದದ್ದೇ ಡ್ರೈವಿಂಗ್ ಕಲಿಸುವವನ ಅಂಗಡಿಗೆ ಹೋದಳು. ಅವನು ಅವಳ ಬೆನ್ನ ಹಿಂದೆ ನಿಂತಿದ್ದ ನನ್ನನ್ನು ನೋಡಿ, "ಕಲಿಯೋರು ಇವ್ರೇನ್ರಿ?" ಎಂದು ಕೇಳಿದ. "ಅವ್ನಿಗೆ ಸೈಕಲ್ಲೇ ಸರಿಯಾಗಿ ಬರಲ್ಲ. ಕಲಿಯೋಳು ನಾನು," ಎಂದಳು ಅತ್ತೆ. ಸತ್ಯವೇ ಆದರೂ ಅಪರಿಚಿತರ ಮುಂದೆ ಹೇಳಬೇಕಾಗಿರಲಿಲ್ಲ.

ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಕಾರು ಹತ್ತಿದರೆ ನೋಡಲು ಚೆಂದ. ಜೊತೆಗೊಬ್ಬ ಗಂಡಸು ಇರಲಿ ಎಂದು ನಮ್ಮಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿ ಕಳಿಸುತ್ತಿದ್ದರು. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನು. ಆ ಕಾರಿನಲ್ಲಿ ನನಗಿದ್ದ ಕೆಲಸವೆಂದರೆ ಎಡಗಡೆಯಿಂದ ಎಮ್ಮೆ ಬಂದರೆ ತಿಳಿಸುವುದು. ವರ್ಷಗಟ್ಟಲೆ ಹೀಗೆ ಓಡಾಡಿದೆವು. ಹಿಂದಿನ ಸೀಟಿನ ಮುಂದೆ ಯೂರಿಯಾ ಚೀಲ, ಡಿಕ್ಕಿಯಲ್ಲಿ ಬೀಜದ ಭತ್ತ, ಎಲ್ಲರ ಕಾಲಲ್ಲೂ ಗದ್ದೆಯ ಕೆಸರು. ಕೆಳಗೆ ಹಾಸಿದ ಮ್ಯಾಟಿನ ಅಡಿಯಲ್ಲಿ ಏನು ನಡೆಯುತ್ತಿದೆಯೆಂದು ಯಾರೂ ಎತ್ತಿ ನೋಡಲಿಲ್ಲ. ಗೊಬ್ಬರವೂ ತೇವವೂ ಒಟ್ಟಿಗೆ ಸಿಕ್ಕರೆ ಕಬ್ಬಿಣ ಸದ್ದಿಲ್ಲದೆ ಮಣ್ಣಾಗುತ್ತದೆ.

ಒಂದು ದಿನ ಹಳೇ ಪಿ.ಬಿ. ರಸ್ತೆಯಲ್ಲಿ, ಹರಿಹರ ಇನ್ನೇನು ಬಂತು ಅನ್ನುವಾಗ, ಕಾರು ಒಂದು ಗುಂಡಿಗೆ ಇಳಿದು ಎದ್ದಿತು. ನನ್ನ ಎಡಗಾಲು ಮಾತ್ರ ಏಳಲಿಲ್ಲ. ಮ್ಯಾಟು ಹರಿದು, ತಗಡು ಮುರಿದು, ಪಾದ ಕೆಳಗೆ ಹೋಗಿತ್ತು. ನಾನು ಕಿರುಚಿ ಕಾಲು ಎಳೆದುಕೊಂಡೆ. ಕಾಲು ಬಂತು, ಚಪ್ಪಲಿ ಬರಲಿಲ್ಲ. ಕಾರಿನೊಳಗೆ ಕೂತು ಕಾಲ ಕೆಳಗೆ ಡಾಂಬರು ಓಡುವುದನ್ನು ನೋಡುವುದು ವಿಚಿತ್ರ ಅನುಭವ. ಬದುಕಿನಲ್ಲಿ ನಾವು ಎಷ್ಟು ತೆಳ್ಳಗಿನ ತಗಡಿನ ಮೇಲೆ ಕೂತಿದ್ದೇವೆ ಎಂಬ ವೈರಾಗ್ಯ ಹುಟ್ಟುವುದರಲ್ಲಿತ್ತು. ಅಷ್ಟರಲ್ಲಿ ಅತ್ತೆ, "ಕಾಲು ಮ್ಯಾಲಿಟ್ಕೊಂಡು ಕೂಡು," ಎಂದು ಗೇರು ಬದಲಿಸಿದಳು.

ಅವತ್ತು ಊಟ ಹರಿಹರದಲ್ಲಿ, ಅತ್ತೆಯ ಮೈದುನ ಚನ್ನಬಸಪ್ಪನ ಮನೆಯಲ್ಲಿ. ಒಂದೇ ಚಪ್ಪಲಿಯಲ್ಲಿ ಇಳಿದ ನನ್ನನ್ನು ನೋಡಿ ಅವನು ಕಾರಣ ಕೇಳಿದ, ನಾನು ಇದ್ದದ್ದನ್ನು ಹೇಳಿಬಿಟ್ಟೆ. ಚನ್ನಬಸಪ್ಪ ಕೆಟ್ಟವನಲ್ಲ. ಅವನ ಗದ್ದೆಗೂ ಅತ್ತೆಯ ಗದ್ದೆಗೂ ನಡುವೆ ಇದ್ದದ್ದು ಒಂದು ಬದು. ಅದಿಲ್ಲದಿದ್ದರೆ ಎಷ್ಟು ಚೆನ್ನ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು, ಅಷ್ಟೇ.

"ಅತ್ತಿಗೆಮ್ಮ, ಅದನ್ನ ಗುಜರಿಗೆ ಹಾಕ್ರಿ. ಹೊಸ ಕಾರು ತಗಳ್ರಿ. ಡ್ರೈವರ್‌ನ ನಾನು ಕಳಿಸ್ತೀನಿ. ಗದ್ದೆ ಕಡೆ ಅವ್ನೇ ಹೋಗಿಬರ್ತಾನೆ. ನಿಮಗ್ಯಾಕ ಈ ವಯಸ್ಸಿನಾಗ ಓಡಾಟ?"

ಅತ್ತೆ ರೊಟ್ಟಿ ಮುರಿಯುತ್ತ ಕೇಳಿದಳು: "ಕಾರು ನಂದು, ಡ್ರೈವರ್ ನಿನ್ನವ. ಅಂದ್ಮ್ಯಾಲೆ ಗದ್ದೆ ಯಾರ್ದಾತು?"

ಚನ್ನಬಸಪ್ಪ ಮಜ್ಜಿಗೆ ಕುಡಿದ.

ಊಟವಾದ ಮೇಲೆ ನಾವು ಮನೆಗೆ ಹೋಗಲಿಲ್ಲ. ಹರಿಹರ ರೈಲ್ವೆ ಸ್ಟೇಷನ್ ಹತ್ತಿರ ದಸ್ತಗೀರ್ ಸಾಬರದ್ದು ಟಿಂಕರಿಂಗ್ ಶೆಡ್ ಇತ್ತು. ಸಾಬರು ಮ್ಯಾಟು ಎತ್ತಿ ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿದರು. ಹಣ್ಣಾದ ಪರಂಗಿಗೆ ಚಾಕು ಇಳಿದಂತೆ ಇಳಿಯಿತು. ಆಮೇಲೆ ಕಾರಿನ ಕೆಳಗೆ ತೂರಿ, ತಲೆಯ ಮೇಲೆಲ್ಲ ತುಕ್ಕು ಉದುರಿಸಿಕೊಂಡು ಹೊರಬಂದರು.

"ಬರೀ ತಗಡಲ್ಲ ಅಮ್ಮಾರೆ, ಅದನ್ನ ಹೊತ್ಕೊಂಡಿರೋ ಚಾಸಿನೂ ಹೋಗೈತೆ. ತೇಪೆ ಹಾಕಿದ್ರೆ ನಿಲ್ಲಂಗಿಲ್ಲ."

"ತೇಪೆ ಯಾರು ಕೇಳಿದ್ರು? ಹೋಗಿದ್ದೆಲ್ಲ ಕತ್ತರಿಸಿ ಹೊಸಾದು ಹಾಕ್ರಿ. ನಾಟಿ ಹೊತ್ತಿಗೆ ಕಾರು ಬೇಕು."

ನಾಟಿಯ ಹೊತ್ತಿನಲ್ಲಿ ಅವಳು ಗದ್ದೆಯಲ್ಲಿ ಇರಲೇಬೇಕಿತ್ತು. ಬಸ್ಸು ಇಳಿಸುವ ಜಾಗದಿಂದ ಗದ್ದೆಗೆ ನಡೆಯಲು ಅವಳ ಮಂಡಿ ಒಪ್ಪುತ್ತಿರಲಿಲ್ಲ. "ಇದೊಂದು ಸಲ ನಾಟಿ ನಾನು ಮಾಡಿಸ್ತೀನಿ" ಎಂದು ಚನ್ನಬಸಪ್ಪ ಆಗಲೇ ಹೇಳಿಯಾಗಿತ್ತು. ಒಂದು ಸಲ ಎಂಬುದು ಒಂದು ಸಲಕ್ಕೆ ನಿಲ್ಲುವುದಿಲ್ಲ ಎಂದು ಅತ್ತೆಗೆ ಗೊತ್ತಿತ್ತು.

ಕೆಲಸ ಶುರುವಾಯಿತು. ದಿನಾ ಬಸ್ಸಿನಲ್ಲಿ ಹೋಗಿ ಅತ್ತೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಮೊದಲು ಕಾರಿಗೆ ಒಳಗಿನಿಂದ ಆಸರೆ ಕೊಟ್ಟು, ಒಂದು ಮಗ್ಗಲು ಮುಗಿದ ಮೇಲೆ ಇನ್ನೊಂದನ್ನು ಮುಟ್ಟಬೇಕು ಎಂದರು ಸಾಬರು. ಅಷ್ಟರಲ್ಲಿ ನಾಟಿ ಮುಗಿದುಹೋಗುತ್ತದೆ, ಎರಡೂ ಕಡೆ ಒಟ್ಟಿಗೆ ಕತ್ತರಿಸಿ ಎಂದಳು ಅತ್ತೆ. ಅವರು ಬೇಡವೆಂದರು, ಇವಳು ಬಿಡಲಿಲ್ಲ. ಕೊನೆಗೆ ಗ್ರೈಂಡರ್ ಎರಡೂ ಕಡೆ ಓಡಿತು. ಕೊಳೆತ ತಗಡನ್ನು ಹೊರಗೆ ರಾಶಿ ಹಾಕಿದರು. ಮಾರನೆಯ ದಿನ ಹೋಗಿ ನೋಡಿದರೆ ಕಾರು ನಡುವಿನಲ್ಲಿ ಕುಸಿದು, ಬಾಗಿಲುಗಳು ಚೌಕಟ್ಟಿಗೆ ಕೂರದೆ ತೆರೆದುಕೊಂಡಿದ್ದವು.

ಸುದ್ದಿ ಹರಿಹರದಲ್ಲಿ ಬೇಗ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಚನ್ನಬಸಪ್ಪ ಬಂದ, ಅವನ ಹಿಂದೆ ಗುಜರಿಯವನ ಟೆಂಪೋ ಬಂತು.

"ನೋಡ್ರಿ ಅತ್ತಿಗೆಮ್ಮ, ಕಾರೇ ಸಾಕು ಅಂತೈತೆ. ನೀವ್ಯಾಕ ಹಟ ಮಾಡ್ತೀರಿ?"

ಅತ್ತೆ ಎದ್ದು ಕಾರಿನ ಸುತ್ತ ಬಂದಳು. ಡ್ರೈವರ್ ಬಾಗಿಲನ್ನು ತಳ್ಳಿ ನೋಡಿದಳು, ಅದು ಅರ್ಧಕ್ಕೇ ನಿಂತಿತು. ಆಮೇಲೆ ಸಾಬರ ಕಡೆ ತಿರುಗಿದಳು.

"ಸಾಬ್ರೇ, ಅವಸರ ಮಾಡಿದ್ದು ನಾನು. ಹಳೇ ಮನೆ ಕಂಬ ಕೊಳೆತ್ರೆ ತೊಲೆಗೆ ಆಸರೆ ಕೊಟ್ಟು ಬೇರೆ ಕಂಬ ನಿಲ್ಲಿಸ್ತಾರೆ. ಇದನ್ನೂ ಹಂಗೇ ಎತ್ತಾಕಾಗಲ್ಲೇನು?"

"ಮೊದಲನೇ ದಿನ ನಾನು ಹೇಳಿದ್ದು ಅದೇ ಅಲ್ಲೇನು ಅಮ್ಮಾರೆ?"

"ಹೇಳಿದ್ರಿ, ನಾ ಕೇಳಲಿಲ್ಲ. ಈಗ ಮಾಡ್ರಿ."

ಸಾಬರಿಗೆ ನಗು ಬಂತು. ಚಾಸಿಯಲ್ಲಿ ಗಟ್ಟಿ ಉಳಿದ ಜಾಗ ಹುಡುಕಿ ಜ್ಯಾಕ್ ಕೊಟ್ಟರು. ಒಂದಿಷ್ಟು ಎತ್ತುವುದು, ಬಾಗಿಲು ಹಾಕಿ ನೋಡುವುದು, ಮತ್ತಿಷ್ಟು ಎತ್ತುವುದು. ನಾನು ಒಂದು ಬಾಗಿಲು ಹಿಡಿದೆ. ಆ ಕಡೆಯ ಬಾಗಿಲಿಗೆ ಆಳು ಸಾಲದೆ ಅತ್ತೆ ಗುಜರಿಯವನನ್ನೇ ಕರೆದಳು. "ಬಾರಪ್ಪ, ಸುಮ್ನೆ ಯಾಕ ನಿಂತಿ?" ಅವನು ಚನ್ನಬಸಪ್ಪನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಬಂದು ಹಿಡಿದ. ಬಹಳ ಹೊತ್ತಿನ ಮೇಲೆ ಬಾಗಿಲು ಟಪ್ಪೆಂದು ಚೌಕಟ್ಟಿಗೆ ಕೂತಿತು. ಅದು ಮತ್ತೆ ಅಲುಗದಂತೆ ಸಾಬರು ಒಳಗೆ ಅಡ್ಡಡ್ಡ ಕಬ್ಬಿಣದ ಆಂಗಲ್ ಇಟ್ಟು ವೆಲ್ಡಿಂಗ್ ಮಾಡಿದರು. ಟೆಂಪೋ ಖಾಲಿಯೇ ಹೋಯಿತು.

ಆಮೇಲಿನದು ಕಷ್ಟದ ಕೆಲಸವಾದರೂ ಭಯದ ಕೆಲಸವಲ್ಲ. ಹೊಸ ಚಾಸಿಯ ತುಂಡುಗಳು ಕೂತವು. ಅದರ ಮೇಲೆ ಬಾಗದಿರಲೆಂದು ಏಣು ಬಡಿದ ದಪ್ಪ ತಗಡು, ತಗಡಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಅಡಿಗೆ ಟಾರು. ನಾನು ದೊಡ್ಡ ಮನುಷ್ಯನಂತೆ ಬರಿಗಣ್ಣಲ್ಲಿ ವೆಲ್ಡಿಂಗ್ ಬೆಳಕು ನೋಡಿ, ಎರಡು ದಿನ ಕಣ್ಣಿನ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ಮಲಗಿದೆ. ನನ್ನ ಕೊಡುಗೆ ಅಷ್ಟು.

ನಾಟಿಗೆ ಕಾರು ಬಂತು. ಬಸ್ಸಿಳಿದು ನಿಂತಿದ್ದ ನಾಟಿಯ ಹೆಣ್ಣುಮಕ್ಕಳನ್ನು ಅತ್ತೆ, "ಹತ್ರಿ, ನೆಲ ಗಟ್ಟಿ ಐತೆ," ಎಂದು ಒತ್ತೊತ್ತಾಗಿ ಕೂರಿಸಿಕೊಂಡು ಗದ್ದೆಯ ದಾರಿ ಹಿಡಿದಳು. ಬದುವಿನ ಆಚೆ ಚನ್ನಬಸಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಸಂಜೆ ಅವನ ಬೈಕು ಕೆಸರಿನಲ್ಲಿ ಹೂತು ಸ್ಟಾರ್ಟ್ ಆಗಲಿಲ್ಲ. ಅತ್ತೆ ಕಾರು ನಿಲ್ಲಿಸಿ ಬಾಗಿಲು ತೆಗೆದಳು. ಅವನು ಮೊದಲು ಒಂದು ಕಾಲು ಒಳಗಿಟ್ಟು, ಒತ್ತಿ ನೋಡಿ, ಆಮೇಲೆ ಇನ್ನೊಂದನ್ನಿಟ್ಟ. ಹರಿಹರದವರೆಗೂ ಇಬ್ಬರೂ ಮಳೆಯ ವಿಷಯವನ್ನೇ ಮಾತಾಡಿದರು. ಡ್ರೈವರ್ ಕಳಿಸುವ ಮಾತಾಗಲಿ, ನಾಟಿ ತಾನು ಮಾಡಿಸುವ ಮಾತಾಗಲಿ ಅವನು ಮತ್ತೆ ಎತ್ತಲಿಲ್ಲ.

ಹೋದ ವರ್ಷ ಅತ್ತೆ ಡ್ರೈವಿಂಗ್ ಬಿಟ್ಟಳು. ಯಾರೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಕೀ ತಂದು ನನ್ನ ಕೈಗಿಟ್ಟು, "ಕಣ್ಣು ಮಂಜಾಗೈತೆ. ನಾನಾಗಿ ಬಿಟ್ಟೀನಿ, ಯಾರೂ ಬಿಡಿಸಿಲ್ಲ. ಯಾರರ ಕೇಳಿದ್ರೆ ಹಂಗೇ ಹೇಳು," ಎಂದಳು. ಸೈಕಲ್ಲೂ ಬರದವನು ಹೇಗೋ ಕಾರು ಕಲಿತೆ. ಈಗ ಓಡಿಸುವವನು ನಾನು, ಎಡಗಡೆಯ ಎಮ್ಮೆ ನೋಡುವವಳು ಅವಳು.

ಇಷ್ಟು ಬರೆದು, ಎದ್ದು, ಅವಳೊಂದಿಗೆ ಗದ್ದೆಗೆ ಹೋಗಿ ಬಂದೆ. ಹೋಗುವಾಗ ಪಿ.ಬಿ. ರಸ್ತೆಯಲ್ಲಿ ಹಿಂದೊಂದು ದೊಡ್ಡ ಕಾರು ಬಂದು ಹಾರ್ನ್ ಹೊಡೆಯತೊಡಗಿತು. ಮುಂದೆ ಹೋಗಲು ಅವನಿಗೆ ಬಲಗಡೆ ಬೇಕಾದಷ್ಟು ಜಾಗವಿತ್ತು. ಆದರೂ ನನ್ನ ಕೈ ತಾನಾಗಿ ಕಾರನ್ನು ಮಣ್ಣಿನ ಕಡೆಗೆ ತಿರುಗಿಸಿತು.

"ಯಾಕ ಸರೀತಿ?" ಎಂದಳು ಅತ್ತೆ.

"ಅವ್ರಿಗೆ ಏನೋ ಅವಸರ ಇರ್ಬೇಕು ಅತ್ತೆ."

"ನಮಗೂ ನೀರು ಕಟ್ಟೋದೈತೆ. ನಡಿ."

ನಾನು ಸ್ಟೇರಿಂಗ್ ನೇರ ಮಾಡಿದೆ. ಹಾರ್ನ್ ಹರಿಹರದವರೆಗೂ ಬಂತು. ನಾನು ಸರಿಯಲಿಲ್ಲ.